ಕಿವಿ ಕೆರೆದುಕೊಂಡ ಟೈರನೊಸಾರಸ್

ಹಿತ್ತಲ ಗಿಡ

ಕಳೆದ ಭಾನುವಾರ ಹನ್ನೊಂದು ವರ್ಷದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಂಗ್ ಎಂಬ ದೈತ್ಯ ಕಪಿಯ ಸಿನಿಮಾ, 1933ರ ‘ಕಿಂಗ್ ಕಾಂಗ್’ ನೋಡಿದೆ. ಅವಳಿಗೆ ಡೈನೋಸಾರ್ ಎಂದರೆ ಊಟವೂ ಬೇಡ, ನಿದ್ದೆಯೂ ಬೇಡ. ಕಾಡಿನ ನಡುವಿನ ಬಯಲಿಗೆ ಟೈರನೊಸಾರಸ್ ಕಾಲಿಟ್ಟ ಕೂಡಲೇ ತಪ್ಪು ಹಿಡಿಯಲು ಶುರುಮಾಡಿದಳು. ಕೈಗೆ ಎರಡೇ ಬೆರಳು ಇರಬೇಕು, ಇಲ್ಲಿ ಮೂರಿವೆ. ಬೆನ್ನು ನೆಲಕ್ಕೆ ಸಮಾನಾಂತರವಾಗಿರಬೇಕು, ಇದು ಮನುಷ್ಯರ ಹಾಗೆ ನೆಟ್ಟಗೆ ನಿಂತಿದೆ. ಬಾಲ ಗಾಳಿಯಲ್ಲಿರಬೇಕು, ಇದು ಹಳೆಯ ಸೀರೆಯ ಹಾಗೆ ಎಳೆದುಕೊಂಡು ಬರುತ್ತಿದೆ. ನಾನು ಹ್ಞೂಂಗುಡುತ್ತಾ ಕಡಲೆಕಾಯಿ ಸುಲಿಯುತ್ತಿದ್ದೆ.

ಅಷ್ಟರಲ್ಲಿ ಆ ಪ್ರಾಣಿ ತಟಕ್ಕನೆ ನಿಂತಿತು. ಕೈ ಎತ್ತಿ ಕಿವಿಯ ಹತ್ತಿರ ಕೆರೆದುಕೊಂಡಿತು. ಅವಳು ಸುಮ್ಮನಾದಳು. ಆಮೇಲೆ ಕಾಂಗ್ ಜೊತೆಗಿನ ಅದರ ಕಾಳಗ ಮುಗಿಯುವ ತನಕ ಒಂದು ಮಾತಿಲ್ಲ.

ಅಂದಿನಿಂದ ನನ್ನ ತಲೆಯಲ್ಲಿ ಇದೇ ಕೊರೆಯುತ್ತಿದೆ. ಆ ಪ್ರಾಣಿ ಒಂದು ಬೊಂಬೆ. ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರ, ಪ್ರತಿಯೊಂದಕ್ಕೂ ಬೊಂಬೆಯನ್ನು ಕೂದಲೆಳೆಯಷ್ಟು ಸರಿಸಬೇಕು. ಹೀಗಿರುವಾಗ ಕಥೆಗೆ ಯಾವ ಉಪಯೋಗವೂ ಇಲ್ಲದ ಈ ಕೆರೆತಕ್ಕೆ ಅಷ್ಟು ಹೊತ್ತು ಯಾಕೆ ಕೊಟ್ಟರು? ತಿಳಿದವರು ಹೇಳಿ.

ಮೂಳೆ ಮಣ್ಣು

ಮೊದಲು ನಿಮ್ಮ ಮಗಳಿಗೆ ಪೂರ್ತಿ ಅಂಕ. ಆದರೆ ಆ ಬೊಂಬೆ ಮಾಡಿದವರ ಪರವಾಗಿಯೂ ಸ್ವಲ್ಪ ಮಾತಾಡಬೇಕಿದೆ.

ಟೈರನೊಸಾರಸ್‌ಗೆ ಆ ಹೆಸರು ಬಂದದ್ದು 1905ರಲ್ಲಿ. ನ್ಯೂಯಾರ್ಕಿನ ಅಮೆರಿಕನ್ ಪ್ರಕೃತಿ ಚರಿತ್ರೆಯ ವಸ್ತುಸಂಗ್ರಹಾಲಯದಲ್ಲಿ 1915ರಲ್ಲಿ ಅದರ ಅಸ್ಥಿಪಂಜರವನ್ನು ನಿಲ್ಲಿಸಿದಾಗ ನೆಟ್ಟಗೆ, ಬಾಲವನ್ನು ನೆಲಕ್ಕೂರಿಯೇ ನಿಲ್ಲಿಸಿದರು. ಅದನ್ನು ಬಿಚ್ಚಿ ಬೆನ್ನು ಬಾಗಿಸಿ ಮರುಜೋಡಿಸಿದ್ದು 1990ರ ದಶಕದಲ್ಲಿ. ಅಂದರೆ ಸಿನಿಮಾದವರು ಅಂದಿನ ಪಂಡಿತರು ಹೇಳಿದ್ದನ್ನೇ ಚಾಚೂತಪ್ಪದೆ ಪಾಲಿಸಿದ್ದರು. ಅವರ ಕಣ್ಣೆದುರು ಇದ್ದದ್ದು ಚಾರ್ಲ್ಸ್ ನೈಟ್ ಬರೆದ ಚಿತ್ರಗಳು. ಕಣ್ಣಿನ ದೋಷದಿಂದ ಹೆಚ್ಚುಕಡಿಮೆ ಕುರುಡಾಗಿದ್ದ ಆ ಕಲಾವಿದ ಇಡೀ ಒಂದು ತಲೆಮಾರಿಗೆ ಡೈನೋಸಾರ್ ಹೇಗಿತ್ತೆಂದು ತೋರಿಸಿಕೊಟ್ಟ. ಇದನ್ನು ನೆನೆದಾಗಲೆಲ್ಲ ನನಗೆ ಸೋಜಿಗವಾಗುತ್ತದೆ.

ಬೆರಳಿನ ವಿಷಯದಲ್ಲಿ ಅಷ್ಟು ರಿಯಾಯಿತಿ ಕೊಡಲಾರೆ. ಟೈರನೊಸಾರಸ್‌ನ ಪೂರ್ತಿ ಕೈ ಆಗ ಸಿಕ್ಕಿರಲಿಲ್ಲ, ನಿಜ. ಅದು ಸಿಕ್ಕಿದ್ದು 1988ರಲ್ಲಿ ಮೊಂಟಾನಾದಲ್ಲಿ ಪತ್ತೆಯಾದ ಅಸ್ಥಿಪಂಜರದಲ್ಲಿ. ಆದರೆ ಅದರ ನೆಂಟನಾದ ಗೊರ್ಗೊಸಾರಸ್‌ಗೆ ಎರಡೇ ಬೆರಳು ಎಂಬುದು 1914ರಲ್ಲೇ ತಿಳಿದಿತ್ತು. ಕೇಳಿದ್ದರೆ ಹೇಳುವವರಿದ್ದರು.

ಇನ್ನೊಂದು ಮಾತು. ಅದು ಕಿವಿ ಕೆರೆದುಕೊಂಡಿತು ಎನ್ನುತ್ತೀರಿ. ಅದಕ್ಕೆ ಕಿವಿಯ ಆಲೆಯೇ ಇಲ್ಲ, ಹಲ್ಲಿಗಿರುವಂತೆ ಒಂದು ತೂತು ಇದ್ದೀತು. ಅದೂ ಅಲ್ಲದೆ ನಿಜವಾದ ಟೈರನೊಸಾರಸ್‌ನ ಕೈ ತಲೆಯ ತನಕ ಹೋಗುವುದೇ ಇಲ್ಲ. ಪಾಪ, ತುರಿಕೆ ಬಂದರೆ ಮರಕ್ಕೆ ಉಜ್ಜಿಕೊಳ್ಳಬೇಕಿತ್ತು.

ಅಡಿಕೆ ಗೊನೆ

ಕೆರೆಯಲು ಬಾರದ ಕೈ ಇದ್ದೂ ಪ್ರಾಣಿಗಳ ರಾಜ ಎನಿಸಿಕೊಂಡಿತಲ್ಲ!

ಹಳೆಯ ರೀಲು

ಹಿತ್ತಲ ಗಿಡ ಸರ್, ನಿಮ್ಮ ಪ್ರಶ್ನೆಗೆ ನೇರವಾಗಿ ಬರುವ ಮೊದಲು ಆ ಬೊಂಬೆಯ ಹೊಟ್ಟೆಯೊಳಗೆ ಏನಿತ್ತು ಎಂದು ಹೇಳಬೇಕು. ನಾನು ಜಾಹೀರಾತುಗಳಿಗೆ ಕೆಲವು ವರ್ಷ ಸ್ಟಾಪ್ ಮೋಷನ್, ಅಂದರೆ ಬೊಂಬೆಯನ್ನು ಹೀಗೆ ಸರಿಸಿ ಸರಿಸಿ ಒಂದೊಂದೇ ಚಿತ್ರ ತೆಗೆಯುವ ಕೆಲಸ ಮಾಡಿದವನು. ಬೆನ್ನುನೋವಿನಿಂದ ಬಿಟ್ಟೆ.

ಬೊಂಬೆಗಳನ್ನು ಮಾಡಿದಾತ ಮಾರ್ಸೆಲ್ ಡೆಲ್ಗಾಡೊ. ಅವುಗಳಿಗೆ ಜೀವ ತುಂಬಿದಾತ ವಿಲ್ಲಿಸ್ ಓಬ್ರಿಯನ್. ಒಳಗೆ ಲೋಹದ ಅಸ್ಥಿಪಂಜರ, ಪ್ರತಿ ಸಂದಿನಲ್ಲಿ ಗುಂಡು ಕೂತು ತಿರುಗುವ ಕೀಲು. ಅದರ ಮೇಲೆ ಹತ್ತಿ, ಸ್ಪಂಜು, ರಬ್ಬರು ಸೇರಿಸಿ ಕಟ್ಟಿದ ಮಾಂಸ, ಅದಕ್ಕೂ ಮೇಲೆ ಚರ್ಮ. ಕಾಂಗ್ ಎಂಬ ಆ ಮಹಾಕಪಿಯ ಬೊಂಬೆ ಸುಮಾರು ಹದಿನೆಂಟು ಇಂಚು, ಮೈಮೇಲೆ ಮೊಲದ ತುಪ್ಪಳ. ಪ್ರತಿ ಚಿತ್ರಕ್ಕೂ ಬೊಂಬೆಯನ್ನು ಮುಟ್ಟಿದಾಗ ಬೆರಳು ತಗುಲಿ ತುಪ್ಪಳ ಅಲುಗುತ್ತಿತ್ತು. ಅದಕ್ಕೇ ಇಡೀ ಸಿನಿಮಾದಲ್ಲಿ ಕಾಂಗ್‌ನ ಮೈಕೂದಲು ಗಾಳಿಗೆ ಸಿಕ್ಕ ರಾಗಿ ಹೊಲದ ಹಾಗೆ ಅಲೆಯುತ್ತಿರುತ್ತದೆ. ಚಿತ್ರ ನೋಡಿದ ಸ್ಟುಡಿಯೋದ ಯಜಮಾನರೊಬ್ಬರು ಅದನ್ನು ಕೋಪಕ್ಕೆ ನಿಮಿರಿದ ರೋಮವೆಂದು ಮೆಚ್ಚಿದರಂತೆ. ಈ ಕಥೆ ನಮ್ಮ ಕಸುಬಿನವರ ಬಾಯಲ್ಲಿ ಇಂದಿಗೂ ಓಡಾಡುತ್ತದೆ.

ಡೈನೋಸಾರ್‌ಗೆ ಆ ಕಾಟವಿಲ್ಲ, ರೋಮವಿಲ್ಲವಲ್ಲ. ಆದರೆ ಅದಕ್ಕೆ ಬೇರೆಯದೇ ಕಷ್ಟ. ಎರಡು ಕಾಲಿನ ಮೇಲೆ ನಿಲ್ಲುವ ಭಾರದ ಬೊಂಬೆ ಒಂದು ಕಾಲು ಎತ್ತಿದರೆ ಮಗುಚುತ್ತದೆ. ಮೇಜಿನ ತುಂಬ ತೂತು ಕೊರೆದು, ಊರಿದ ಪಾದಕ್ಕೆ ಕೆಳಗಿನಿಂದ ಸ್ಕ್ರೂ ಬಿಗಿದು ನಿಲ್ಲಿಸುತ್ತಾರೆ. ಮುಂದಿನ ಹೆಜ್ಜೆಗೆ ಅದನ್ನು ಬಿಚ್ಚಿ ಇನ್ನೊಂದು ಪಾದಕ್ಕೆ ಬಿಗಿಯಬೇಕು. ಒಂದು ನಿಮಿಷದ ಚಿತ್ರಕ್ಕೆ 1,440 ಸಲ ಬೊಂಬೆಯ ಮುಂದೆ ಬಗ್ಗಿ ಏಳಬೇಕು. ನನ್ನ ಬೆನ್ನನ್ನು ಕೇಳಿ.

ಅದೇ ದೃಶ್ಯದಲ್ಲಿ ಮರದ ಕವಲಿನಲ್ಲಿ ಕೂತು ಚೀರುವ ನಾಯಕಿಯನ್ನು ಗಮನಿಸಿದಿರಾ? ಎಷ್ಟೋ ಕಡೆ ಓಬ್ರಿಯನ್ ತಂಡ ಮೊದಲೇ ತೆಗೆದ ನಟಿಯ ಚಿತ್ರವನ್ನು ಬೊಂಬೆಗಳ ಪುಟ್ಟ ಕಾಡಿನೊಳಗೆ ಅಂಗೈಯಗಲದ ತೆರೆಯ ಮೇಲೆ ಬಿಟ್ಟು, ಬೊಂಬೆಯನ್ನು ಒಂದು ಕೂದಲು ಸರಿಸಿದಾಗ ಆ ಚಿತ್ರವನ್ನೂ ಒಂದು ಚೌಕ ಮುಂದಕ್ಕೆ ಸರಿಸಿದೆ. ಆ ತಾಳ್ಮೆಗೆ ಕೈಮುಗಿಯಬೇಕು.

ಈಗ ಕೆರೆತ. ನನ್ನ ಊಹೆ ಇಷ್ಟೇ. ಬೊಂಬೆ ನಡೆದರೆ ಯಂತ್ರ, ಕಚ್ಚಿದರೆ ಯಂತ್ರ. ಕೆಲಸವಿಲ್ಲದ ಹೊತ್ತಿನಲ್ಲಿ ಅದು ಏನು ಮಾಡುತ್ತದೆ ಎಂದು ತೋರಿಸಿದಾಗ ಮಾತ್ರ ಪ್ರಾಣಿ.

ಹಿತ್ತಲ ಗಿಡ

ಸರ್ ಅಲ್ಲ, ನಾನು ಅಮ್ಮ. ಕಡಲೆಕಾಯಿ ಸುಲಿದದ್ದಕ್ಕೆ ಸರ್ ಎಂದುಕೊಂಡಿರೋ ಏನೋ. ಅಂಗೈಯಗಲದ ತೆರೆಯ ವಿಷಯ ಓದಿ ಹೇಳಿದೆ, ಮಗಳು ಆ ಭಾಗವನ್ನು ಮತ್ತೆ ಮೂರು ಸಲ ಹಾಕಿಸಿಕೊಂಡಳು.

ಹಳೆಯ ರೀಲು

ತಪ್ಪಾಯಿತು ಮೇಡಂ.

ಪಡುವಣ ಗಾಳಿ

ಎಲ್ಲರೂ ಹೊಗಳುತ್ತಿರುವಾಗ ಕಲ್ಲು ಹಾಕುವವನು ನಾನೊಬ್ಬನೇ ಇರಲಿ. ನನಗೆ ಆ ಟೈರನೊಸಾರಸ್ ನೋಡಿದರೆ ನಗು ಬರುತ್ತದೆ. ಅದು ಸರಿಯಾಗಿ ಹೆಜ್ಜೆ ಹಾಕುವುದಿಲ್ಲ, ಜಿಗಿಜಿಗಿ ಎನ್ನುತ್ತದೆ. ನಾವು ಅಂದಿನ ಶ್ರಮಕ್ಕೆ ಗೌರವ ಕೊಡುತ್ತೇವೆಯೇ ಹೊರತು ಪ್ರಾಣಿಗೆ ಹೆದರುವುದಿಲ್ಲ. 1993ರ ‘ಜುರಾಸಿಕ್ ಪಾರ್ಕ್’ನಲ್ಲಿ ಲೋಟದ ನೀರಿನಲ್ಲಿ ಅಲೆ ಎದ್ದಾಗ ನನ್ನ ಕೈಕಾಲು ತಣ್ಣಗಾಗಿದ್ದವು. ಇನ್ನೂ ಪ್ರಾಣಿ ಬಂದೇ ಇರಲಿಲ್ಲ, ನೋಡಿ! ಭಯ ಹುಟ್ಟಿಸದ ಮೃಗ ಮೃಗವೇ? ಅದಲ್ಲದೆ ಕಾಂಗ್ ಜೊತೆಗಿನ ಆ ಕಾಳಗ ಕಾಡುಪ್ರಾಣಿಗಳ ಜಗಳದ ಹಾಗಿಲ್ಲ, ಇಬ್ಬರು ಗಂಡಸರು ಮೈಕೈ ಮಿಲಾಯಿಸಿದಂತಿದೆ.

ಗರಡಿ ಮಣ್ಣು

ಪಡುವಣ ಗಾಳಿಯವರು ಬೈಯಲು ಹೋಗಿ ನಿಜ ಹೇಳಿಬಿಟ್ಟರು. ಅದು ಗಂಡಸರ ಕುಸ್ತಿಯೇ. ಓಬ್ರಿಯನ್ ಎಳೆಯ ವಯಸ್ಸಿನಲ್ಲಿ ಸ್ವಲ್ಪ ಕಾಲ ಬಾಕ್ಸಿಂಗ್ ಆಡಿದವನು, ಪತ್ರಿಕೆಗೆ ವ್ಯಂಗ್ಯಚಿತ್ರ ಬರೆದವನು.

ನಾನು ಮೈಸೂರಿನ ಗರಡಿಯ ನೆರಳಲ್ಲಿ ಬೆಳೆದವನು, ನಮ್ಮ ತಾತ ಉಸ್ತಾದರಾಗಿದ್ದರು. ಆ ದೃಶ್ಯವನ್ನು ಒಮ್ಮೆ ಕುಸ್ತಿಯ ಕಣ್ಣಿನಿಂದ ನೋಡಿ. ಮೊದಲು ಇಬ್ಬರೂ ದೂರ ನಿಂತು ಅಳೆಯುತ್ತಾರೆ. ಕಾಂಗ್ ಮುಖಕ್ಕೆ ಗುದ್ದುತ್ತಾನೆ, ಹಿಂದೆ ಸರಿಯುತ್ತಾನೆ. ಕಾಲಿಗೆ ಕೈ ಹಾಕಿ ಕೆಡವಲು ನೋಡುತ್ತಾನೆ. ಒಮ್ಮೆ ಎದುರಾಳಿಯನ್ನು ಹೆಗಲ ಮೇಲಿಂದ ಎತ್ತಿ, ಅಗಸರ ಕಲ್ಲಿಗೆ ಬಟ್ಟೆ ಒಗೆದಂತೆ ಒಗೆಯುತ್ತಾನೆ. ಅದು ಪಕ್ಕಾ ಪಟ್ಟು. ಟೈರನೊಸಾರಸ್‌ಗೆ ಪಟ್ಟು ಗೊತ್ತಿಲ್ಲ, ಬಾಯಿ ಮತ್ತು ಭಾರ ಮಾತ್ರ. ಕೊನೆಗೆ ಬೆನ್ನ ಮೇಲೆ ಹತ್ತಿ ಎರಡೂ ದವಡೆ ಹಿಡಿದು ಸೀಳುತ್ತಾನೆ.

ಆಮೇಲಿನದ್ದೇ ನನಗೆ ಅಚ್ಚುಮೆಚ್ಚು. ಸತ್ತ ಪ್ರಾಣಿಯ ಸಡಿಲ ದವಡೆಯನ್ನು ಕಾಂಗ್ ಎತ್ತಿ ಎತ್ತಿ ಬಿಡುತ್ತಾನೆ, ಮುರಿದ ಆಟದ ಸಾಮಾನನ್ನು ಮಗು ಅಲುಗಾಡಿಸಿ ನೋಡುವ ಹಾಗೆ. ನಿಜವಾಗಿಯೂ ಸತ್ತಿತೇ ಎಂಬ ಅನುಮಾನ. ಖಾತ್ರಿಯಾದ ಮೇಲಷ್ಟೇ ಎದೆ ಬಡಿದುಕೊಳ್ಳುತ್ತಾನೆ. ಹಿತ್ತಲ ಗಿಡ ಅವರೇ, ಕಾಳಗದ ಮೊದಲಲ್ಲಿ ಒಂದು ಕೆರೆತ, ಕೊನೆಯಲ್ಲಿ ಒಂದು ದವಡೆಯಾಟ. ಎರಡನ್ನೂ ಒಂದೇ ಕೈ ಇಟ್ಟಿದೆ ಎನಿಸುವುದಿಲ್ಲವೇ?

ಇಳಿಸಂಜೆ

ಸದ್ದಿನ ಬಗ್ಗೆ ಯಾರೂ ಹೇಳಲಿಲ್ಲ. ಶಬ್ದದ ಹೊಣೆ ಮರ್ರೆ ಸ್ಪಿವ್ಯಾಕ್‌ನದು. ಸಿಂಹ ಮತ್ತು ಹುಲಿಯ ಗರ್ಜನೆಯನ್ನು ಧ್ವನಿಮುದ್ರಿಸಿಕೊಂಡು, ವೇಗ ತಗ್ಗಿಸಿ, ಹಿಂದುಮುಂದಾಗಿ ಓಡಿಸಿ ಕಾಂಗ್‌ನ ಗರ್ಜನೆ ಮಾಡಿದ. ಎದೆ ಬಡಿತದ ಸದ್ದಿಗೆ ಸಹಾಯಕನೊಬ್ಬನ ಮೈಗೇ ನಗಾರಿ ಕೋಲಿನಿಂದ ಬಡಿದ.

ಈ ಕಸುಬಿನಲ್ಲಿ ಎಲ್ಲರೂ ಇಂಥ ಕಿಡಿಗೇಡಿಗಳೇ. 1954ರ ಜಪಾನಿನ ಗಾಡ್ಜಿಲ್ಲಾದ ಕೂಗು ಯಾವ ಪ್ರಾಣಿಯದೂ ಅಲ್ಲ. ಸಂಗೀತ ನಿರ್ದೇಶಕ ಅಕಿರಾ ಇಫುಕುಬೆ ಡಬಲ್ ಬಾಸ್‌ನ ತಂತಿ ಸಡಿಲಿಸಿ, ರಾಳ ಸವರಿದ ಚರ್ಮದ ಕೈಗವಸಿನಿಂದ ಎಳೆಸಿದ. ‘ಜುರಾಸಿಕ್ ಪಾರ್ಕ್’ನ ಟೈರನೊಸಾರಸ್ ಕೂಗಿನೊಳಗೆ ಒಂದು ಆನೆಮರಿ ಇದೆ, ಹುಲಿ ಇದೆ, ಮೊಸಳೆ ಇದೆ. ಪಡುವಣ ಗಾಳಿಯವರ ಕೈಕಾಲು ತಣ್ಣಗೆ ಮಾಡಿದ್ದರಲ್ಲಿ ಆ ಆನೆಮರಿಗೂ ಪಾಲಿದೆ.

ಹಳೆಯ ರೀಲು

ಪಡುವಣ ಗಾಳಿಯವರಿಗೆ ನನ್ನದೂ ಒಂದು ಉತ್ತರ. 1993ರ ಪ್ರಾಣಿಯನ್ನು ಕಂಪ್ಯೂಟರ್ ಹೆತ್ತಿತು ಎಂದು ನೀವು ಹೇಳಿಲ್ಲ, ಆದರೆ ಬಹಳ ಜನ ಹಾಗೇ ತಿಳಿದಿದ್ದಾರೆ. ಮಳೆಯಲ್ಲಿ ಕಾರಿನ ಮೇಲೆ ಎರಗುವ ಟೈರನೊಸಾರಸ್ ಎಷ್ಟೋ ಕಡೆ ಸ್ಟಾನ್ ವಿನ್‌ಸ್ಟನ್ ತಂಡ ಕಟ್ಟಿದ ಆಳೆತ್ತರ ಮೀರಿದ ಯಂತ್ರ. ಅದರ ಸ್ಪಂಜಿನ ಚರ್ಮ ಮಳೆನೀರು ಹೀರಿ ಭಾರವಾಗಿ ಗಡಗಡ ನಡುಗತೊಡಗಿತು. ಚಿತ್ರೀಕರಣದ ನಡುವೆ ಟವೆಲ್ ಹಿಡಿದು ಅದನ್ನು ಒರೆಸಿ ಒಣಗಿಸಬೇಕಾಗುತ್ತಿತ್ತು.

ಉಳಿದದ್ದನ್ನು ಸ್ಟಾಪ್ ಮೋಷನ್‌ನ ಸುಧಾರಿತ ವಿಧಾನದಲ್ಲೇ ಮಾಡಬೇಕೆಂದಿತ್ತು. ಅದರ ಹೊಣೆ ಫಿಲ್ ಟಿಪೆಟ್‌ನದು. ಕಂಪ್ಯೂಟರಿನ ಪರೀಕ್ಷಾ ಚಿತ್ರ ನೋಡಿದ ದಿನ ಆತ, ನನ್ನ ವಂಶವೇ ಅಳಿಯಿತು ಎನ್ನುವ ಅರ್ಥದ ಮಾತಾಡಿದ. ನಿರ್ದೇಶಕ ಅದನ್ನೇ ಸಿನಿಮಾದ ಸಂಭಾಷಣೆಗೆ ಸೇರಿಸಿಕೊಂಡ. ಆದರೆ ಟಿಪೆಟ್‌ನನ್ನು ಮನೆಗೆ ಕಳುಹಿಸಲಿಲ್ಲ. ಕಂಪ್ಯೂಟರ್ ಬಲ್ಲ ಹುಡುಗರಿಗೆ ಪ್ರಾಣಿ ಹೇಗೆ ತೂಕ ಊರುತ್ತದೆ ಎಂಬುದು ತಿಳಿದಿರಲಿಲ್ಲ. ಹಾಗಾಗಿ ಕೀಲುಕೀಲಿಗೂ ಸಂವೇದಕ ಕೂರಿಸಿದ ಲೋಹದ ಡೈನೋಸಾರ್ ಅಸ್ಥಿಪಂಜರ ಮಾಡಿದರು. ಬೊಂಬೆಯಾಟದವರು ಅದನ್ನು ಎಂದಿನಂತೆ ಕೈಯಿಂದ ಸರಿಸಿದರು, ಆ ಚಲನೆ ಕಂಪ್ಯೂಟರಿಗೆ ಹೋಯಿತು. ನೀವು ಹೆದರಿದ್ದು ಓಬ್ರಿಯನ್‌ನ ಮರಿಮೊಮ್ಮಗನಿಗೆ ಸ್ವಾಮಿ.

ಪಡುವಣ ಗಾಳಿ

ಇದು ತಿಳಿದಿರಲಿಲ್ಲ. ಆದರೂ ನಗು ಬರುತ್ತದೆ ಎಂಬ ಮಾತನ್ನು ಹಿಂದಕ್ಕೆ ಪಡೆಯುವುದಿಲ್ಲ.

ಕೆಂಪು ಕಲ್ಲು

ನಾನೂ ‘ಕಿಂಗ್ ಕಾಂಗ್’ ಸಿನಿಮಾದ ಅಭಿಮಾನಿಯೇ. ಆದರೆ ಒಂದು ವಿಷಯ ನುಂಗಲು ಆಗುವುದಿಲ್ಲ. ಕಾಂಗ್ ಇರುವ ಆ ದ್ವೀಪ ಸುಮಾತ್ರಾದಿಂದ ಪಶ್ಚಿಮಕ್ಕೆ, ಅಂದರೆ ನಮ್ಮದೇ ಹಿಂದೂ ಮಹಾಸಾಗರದಲ್ಲಿ ಎಲ್ಲೋ ಇದೆಯಂತೆ. ಅಲ್ಲಿನ ಜನರಾಗಿ ತೋರಿಸಿದ್ದು ಅಮೆರಿಕದ ಕಪ್ಪು ನಟರನ್ನು, ಕುಣಿದು ಕೂಗಿ ಹೆಣ್ಣನ್ನು ಬಲಿ ಕೊಡುವವರಂತೆ. ಮೃಗಕ್ಕೆ ತುರಿಕೆಯಂಥ ಸಣ್ಣ ಖಾಸಗಿ ಕ್ಷಣ ಕೊಟ್ಟವರಿಗೆ ಆ ಮನುಷ್ಯರಲ್ಲಿ ಒಬ್ಬರಿಗಾದರೂ ಅಂಥ ಒಂದು ಕ್ಷಣ ಕೊಡಲು ತೋಚಲಿಲ್ಲ. ಹಿತ್ತಲ ಗಿಡ ಅವರೇ, ಮಗಳು ಈ ಬಗ್ಗೆ ಏನಾದರೂ ಕೇಳಿದಳೇ?

ಕಥೆಯ ಬೀಜವೂ ಆ ಕಡೆಯದೇ. ಚಿತ್ರದ ನಿರ್ದೇಶಕರಲ್ಲೊಬ್ಬನಾದ ಮೆರಿಯನ್ ಕೂಪರ್‌ಗೆ ಡಗ್ಲಸ್ ಬರ್ಡನ್ ಎಂಬ ಗೆಳೆಯನಿದ್ದ. ಆತ 1926ರಲ್ಲಿ ಕೊಮೊಡೊ ದ್ವೀಪಕ್ಕೆ ಹೋಗಿ ಅಲ್ಲಿನ ದೈತ್ಯ ಉಡಗಳನ್ನು ಜೀವಂತ ಹಿಡಿದು ನ್ಯೂಯಾರ್ಕಿನ ಮೃಗಾಲಯಕ್ಕೆ ತಂದ. ಅವು ಅಲ್ಲಿ ಬದುಕಲಿಲ್ಲ. ದೂರದ ದ್ವೀಪದ ಪ್ರಾಣಿ ನಗರಕ್ಕೆ ಬಂದು ಸಾಯುವ ಕಥೆ ಕೂಪರ್‌ಗೆ ಸಿಕ್ಕಿದ್ದು ಅಲ್ಲಿಂದ.

ಹಿತ್ತಲ ಗಿಡ

ಕೇಳಿದಳು. “ಅವರು ಅಷ್ಟು ದೊಡ್ಡ ಗೋಡೆ ಕಟ್ಟಿದ್ದಾರೆ, ಅಷ್ಟು ಬುದ್ಧಿವಂತರು ಯಾಕೆ ಬರೀ ಕೂಗುತ್ತಾರೆ?” ಎಂದಳು. ನನಗೆ ತಿಳಿದಷ್ಟು ಹೇಳಿದೆ. ಹೇಳಿದ್ದು ಸಾಲದು ಎಂದು ಈಗ ಅನಿಸುತ್ತಿದೆ.

ಅಡಿಕೆ ಗೊನೆ

ಮೂಳೆ ಮಣ್ಣು ಅವರಿಗೆ ಒಂದು ಪ್ರಶ್ನೆ, ವಿಷಯ ಬಿಟ್ಟು. ನಮ್ಮ ಕರ್ನಾಟಕದಲ್ಲಿ ಡೈನೋಸಾರ್ ಮೂಳೆ ಸಿಗುತ್ತದೆಯೇ? ತೋಟದಲ್ಲಿ ಬಾವಿ ತೋಡಿಸುವಾಗಲೆಲ್ಲ ಆಸೆಯಿಂದ ಇಣುಕುತ್ತೇನೆ.

ಮೂಳೆ ಮಣ್ಣು

ಮಲೆನಾಡಿನ ಬಾವಿಯಲ್ಲಿ ಆಸೆ ಬಿಡಿ. ನಮ್ಮ ರಾಜ್ಯದ ಬಹುಪಾಲು ಬಂಡೆ ಇನ್ನೂರು ಮುನ್ನೂರು ಕೋಟಿ ವರ್ಷಕ್ಕೂ ಹಿಂದಿನದು. ಡೈನೋಸಾರ್ ಹುಟ್ಟುವ ಎಷ್ಟೋ ಮೊದಲೇ ಆ ಕಲ್ಲು ಗಟ್ಟಿಯಾಗಿ ಕೂತಿತ್ತು. ದೊಡ್ಡ ಮೃಗ ಬೇಕೆಂದರೆ ನರ್ಮದೆಯ ಕಡೆ ಹೋಗಬೇಕು. ಗುಜರಾತಿನ ರಾಜಾಸಾರಸ್‌ಗೆ 2003ರಲ್ಲಿ ಹೆಸರಿಟ್ಟರು. ತಲೆಯ ಮೇಲೆ ಪುಟ್ಟ ಕೊಂಬಿದ್ದ ಮಾಂಸಾಹಾರಿ. ಇನ್ನು ಕಚ್ಛದ ಲಿಗ್ನೈಟ್ ಗಣಿಯಲ್ಲಿ ಸಿಕ್ಕ ಹಾವಿನ ಬೆನ್ನುಮೂಳೆಗಳಿಗೆ 2024ರಲ್ಲಿ ‘ವಾಸುಕಿ’ ಎಂದು ಹೆಸರಾಯಿತು. ಡೈನೋಸಾರ್ ಅಳಿದ ಮೇಲಿನದು, ಸುಮಾರು 4.7 ಕೋಟಿ ವರ್ಷ ಹಳೆಯದು. ಉದ್ದ 11ರಿಂದ 15 ಮೀಟರ್ ಎಂದು ಅಂದಾಜು. ನಮ್ಮ ಸಿನಿಮಾದವರು ಇನ್ನೂ ಅದರ ಹತ್ತಿರ ಸುಳಿದಂತಿಲ್ಲ.

ಬಂದ ದಾರಿಯಲ್ಲಿ ಇನ್ನೊಂದು ಆಕ್ಷೇಪ ಹೇಳಿ ಹೋಗುತ್ತೇನೆ. ಬೆರಳು, ಬಾಲ ಎಲ್ಲ ಕ್ಷಮಿಸಬಹುದು. ಆದರೆ ಆ ಸಿನಿಮಾದಲ್ಲಿ ಸೊಪ್ಪು ತಿನ್ನುವ ಬ್ರಾಂಟೊಸಾರಸ್ ಮನುಷ್ಯರನ್ನು ಬಾಯಲ್ಲಿ ಕಚ್ಚಿ ಝಾಡಿಸುತ್ತದೆ. ಇದಕ್ಕೆ 1933ರಲ್ಲೂ ಕ್ಷಮೆ ಇಲ್ಲ.

ಹಳೆಯ ರೀಲು

ನಿಮ್ಮ ಆಕ್ಷೇಪವನ್ನು ಅಂದಿನ ಸೆನ್ಸಾರಿನವರೂ ಬೇರೆ ಕಾರಣಕ್ಕೆ ಎತ್ತಿಹಿಡಿದರು. 1938ರಲ್ಲಿ ಚಿತ್ರ ಮರುಬಿಡುಗಡೆಯಾದಾಗ, ಅದು ಮನುಷ್ಯರನ್ನು ಕಚ್ಚುವ ತುಣುಕುಗಳಿಗೆ ಕತ್ತರಿ ಬಿತ್ತು. ದಶಕಗಳ ನಂತರವಷ್ಟೇ ಅವನ್ನು ಮತ್ತೆ ಸೇರಿಸಿದರು. ಮರದ ದಿಮ್ಮಿಯಿಂದ ಕಂದಕಕ್ಕೆ ಬಿದ್ದ ನಾವಿಕರನ್ನು ದೈತ್ಯ ಜೇಡಗಳು ಹಿಡಿಯುವ ಭಾಗವಂತೂ ಹೋದದ್ದು ಹೋಯಿತು. ಕಥೆಯ ಓಟ ನಿಲ್ಲುತ್ತದೆಂದು ಕೂಪರ್ ತಾನೇ ಅದನ್ನು ತೆಗೆದುಹಾಕಿದ.

ಅಷ್ಟು ಕಷ್ಟದ ಕೆಲಸವನ್ನೇ ಕಿತ್ತೆಸೆದ ನಿರ್ದೇಶಕ ಆ ಕೆರೆತವನ್ನು ಮಾತ್ರ ಬಿಟ್ಟಿದ್ದಾನೆ, ಗಮನಿಸಿ.

ಟೂರಿಂಗ್ ಟಾಕೀಸ್

ಮಕ್ಕಳೇ, ನನಗೆ ಎಪ್ಪತ್ತು ದಾಟಿದೆ, ನಿಧಾನವಾಗಿ ಟೈಪು ಮಾಡುತ್ತೇನೆ. ಕಾಲೇಜಿನಲ್ಲಿದ್ದಾಗ ಬೆಂಗಳೂರಿನ ದಂಡು ಪ್ರದೇಶದ ಚಿತ್ರಮಂದಿರದಲ್ಲಿ ಬೆಳಗಿನ ಆಟಕ್ಕೆ ‘ದಿ ವ್ಯಾಲಿ ಆಫ್ ಗ್ವಾಂಗಿ’ ನೋಡಿದ್ದೆ. ಕುದುರೆ ಸವಾರರು ಹಗ್ಗ ಬೀಸಿ ಡೈನೋಸಾರನ್ನು ಸುತ್ತ ಕಟ್ಟಿ ಜಗ್ಗುತ್ತಾರೆ. ಇಂಗ್ಲಿಷ್ ಸಂಭಾಷಣೆ ಅರ್ಧವೂ ತಿಳಿಯಲಿಲ್ಲ. ಆದರೆ ಹಗ್ಗ ಬಿಗಿಯಾದಾಗ ಆ ಪ್ರಾಣಿ ಕತ್ತು ತಿರುಗಿಸಿ ಅದನ್ನು ಕಚ್ಚಿದ್ದು ನಿನ್ನೆ ಕಂಡಂತಿದೆ. ನಮ್ಮ ಮನೆಯ ಹೋರಿಗೆ ಮೂಗುದಾರ ಹಾಕುವಾಗ ಅದು ಹೀಗೇ ತಿರುಗುತ್ತಿತ್ತು.

ಅದು ಹೇಗೆ ಸಾಧ್ಯವಾಯಿತು ಎಂದು ಬಹಳ ವರ್ಷಗಳ ಮೇಲೆ ಓದಿದೆ. ಸ್ಪೇನ್‌ನಲ್ಲಿ ಚಿತ್ರೀಕರಣ. ಸವಾರರು ಹಗ್ಗ ಎಸೆದದ್ದು ಜೀಪಿನ ಮೇಲೆ ನಿಲ್ಲಿಸಿದ ಕಂಬಕ್ಕೆ. ಆಮೇಲೆ ರೇ ಹ್ಯಾರಿಹೌಸನ್ ಆ ಕಂಬ ಮರೆಯಾಗುವಂತೆ ತನ್ನ ಬೊಂಬೆಯನ್ನು ಹೊಂದಿಸಿ, ಅದರ ಕೊರಳಿಗೆ ಎಳೆತಂತಿ ಕಟ್ಟಿ, ನಿಜವಾದ ಹಗ್ಗದ ತುದಿಗೆ ಗೆರೆ ಕೂಡುವ ಹಾಗೆ ಪ್ರತಿ ಚಿತ್ರದಲ್ಲೂ ಜೋಡಿಸಿದ.

ಈ ಹ್ಯಾರಿಹೌಸನ್ ಯಾರು ಗೊತ್ತೇ? 1933ರಲ್ಲಿ ‘ಕಿಂಗ್ ಕಾಂಗ್’ ನೋಡಿ ಮರುಳಾದ ಹುಡುಗ. ಬೆಳೆದ ಮೇಲೆ ಓಬ್ರಿಯನ್‌ನ ಶಿಷ್ಯನಾಗಿ 1949ರಲ್ಲಿ ಇನ್ನೊಂದು ಗೊರಿಲ್ಲಾ ಚಿತ್ರಕ್ಕೆ ಕೆಲಸ ಮಾಡಿದ. ಗ್ವಾಂಗಿಯ ಕಥೆ ಓಬ್ರಿಯನ್ ನಲವತ್ತರ ದಶಕದಲ್ಲೇ ಕಟ್ಟಿಕೊಂಡಿದ್ದ ಕನಸು. ಹಣ ಹಾಕುವವರು ಕೈಬಿಟ್ಟರು, ಆತ 1962ರಲ್ಲಿ ತೀರಿಕೊಂಡ. ಶಿಷ್ಯ 1969ರಲ್ಲಿ ಅದನ್ನು ತೆರೆಗೆ ತಂದ. ಆ ಬೆಳಗಿನ ಆಟದಲ್ಲಿ ಚಿತ್ರಮಂದಿರ ಅರ್ಧವೂ ತುಂಬಿರಲಿಲ್ಲ.

ಗರಡಿ ಮಣ್ಣು

ತಾತ, ಆ ಗ್ವಾಂಗಿಯೂ ಎಲ್ಲಾದರೂ ಕೆರೆದುಕೊಳ್ಳುತ್ತದೆಯೇ?

ಟೂರಿಂಗ್ ಟಾಕೀಸ್

ಕೆರೆದುಕೊಳ್ಳುತ್ತದಪ್ಪಾ, ಮೂಗು. ಬಂದ ಹೊಸದರಲ್ಲೇ. ಗುರುವಿಗೆ ಅರ್ಪಿಸಿದ ಹೂವು ಎಂದುಕೊಂಡಿದ್ದೇನೆ.

ಹಿತ್ತಲ ಗಿಡ

ಎಲ್ಲರಿಗೂ ಒಂದು ವರದಿ. ರಜೆಯಲ್ಲಿ ಮಗಳು ಪ್ಲಾಸ್ಟಿಸಿನ್ ಎಂಬ ಆಟದ ಮಣ್ಣಿನಿಂದ ಟೈರನೊಸಾರಸ್ ಮಾಡಿ, ಮೊಬೈಲನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ ಚಿತ್ರ ತೆಗೆಯುತ್ತಿದ್ದಾಳೆ. ಸೆಕೆಂಡಿಗೆ ಹನ್ನೆರಡು ಸಾಕು ಎಂದು ನಾವೇ ತೀರ್ಮಾನಿಸಿದೆವು. ಮೂರು ಸಂಜೆ ಕೂತು 96 ಚಿತ್ರ ತೆಗೆದಳು, ಅಂದರೆ ಎಂಟು ಸೆಕೆಂಡು. ಅದರಲ್ಲಿ ಎರಡು ಸೆಕೆಂಡು ಪ್ರಾಣಿ ತಲೆ ಕೆರೆದುಕೊಳ್ಳುತ್ತದೆ. ಯಾಕೆ ಎಂದು ಕೇಳಿದೆ. “ಆಮೇಲೆ ಏನು ಮಾಡಿಸಬೇಕು ಅಂತ ಗೊತ್ತಾಗಲಿಲ್ಲ, ಅದಕ್ಕೂ ಗೊತ್ತಾಗಲಿಲ್ಲ” ಎಂದಳು.

ಈಗ ತೊಂದರೆ ಏನೆಂದರೆ ಟೇಬಲ್ ದೀಪದ ಕಾವಿಗೆ ಮಣ್ಣು ಮೆತ್ತಗಾಗಿ ಕಾಲು ಕುಸಿಯುತ್ತಿದೆ. ಒಳಗೆ ಏನು ಇಡಬೇಕು?

ಹಳೆಯ ರೀಲು

ಅಲ್ಯೂಮಿನಿಯಂ ತಂತಿ ಎರಡೆಳೆ ಹೊಸೆದು ಅಸ್ಥಿಪಂಜರ ಮಾಡಿ. ತಾಮ್ರದ್ದು ಬೇಡ, ನಾಲ್ಕು ಸಲ ಬಗ್ಗಿಸಿದರೆ ಗಡುಸಾಗಿ ಮುರಿಯುತ್ತದೆ. ದೀಪ ಎಲ್‌ಇಡಿ ಆಗಿರಲಿ. ಪಾದದೊಳಗೆ ಒಂದೊಂದು ನಟ್ಟು ಹುದುಗಿಸಿ, ಹಲಗೆಯ ಕೆಳಗಿನಿಂದ ಸ್ಕ್ರೂ ಬಿಗಿಯಿರಿ. ಆಗ ಒಂಟಿಕಾಲಲ್ಲಿ ನಿಂತರೂ ಬೀಳುವುದಿಲ್ಲ.

ಹಿತ್ತಲ ಗಿಡ

ತಂತಿ ತಂದೆವು, ಕಾಲು ಗಟ್ಟಿಯಾಯಿತು. ಊಟದ ಮೇಜಿಗೆ ತೂತು ಕೊರೆಯಲು ಮಾತ್ರ ಇವರು ಒಪ್ಪಲಿಲ್ಲ. ಹಾಗಾಗಿ ಮಗಳು ಬೇರೆ ಉಪಾಯ ಮಾಡಿದ್ದಾಳೆ. ಬೀಳದೆ ನಿಲ್ಲಲಿ ಎಂದು ಬಾಲವನ್ನು ದಪ್ಪ ಮಾಡಿ ನೆಲಕ್ಕೆ ಊರಿಸಿದ್ದಾಳೆ. ಈಗ ಅದು ಬಾಲ ಎಳೆದುಕೊಂಡೇ ನಡೆಯುತ್ತಿದೆ. ಮೂಳೆ ಮಣ್ಣು ಅಂಕಲ್‌ಗೆ ಹೇಳಬೇಡ ಎಂದಿದ್ದಾಳೆ.